ಹದಿನಾಲ್ಕರ ಗಾಳಿ

ಮಾರ್ಚ್ 3, ಸೋಮವಾರ

ಕ್ಲಬ್ಬಿನ ಕಾರ್ಯದರ್ಶಿ ಮೇಡಂ ಕುರ್ಚಿಯನ್ನು ಇವತ್ತು ಇನ್ನೊಂದು ಕೂದಲೆಳೆಯಷ್ಟು ಇಳಿಸಿದೆ. ಹತ್ತು ದಿನದಿಂದ ಅವರಿಗೆ ತಿಳಿಯದ ಹಾಗೆ ದಿನಕ್ಕಿಷ್ಟು ಅಂತ ಇಳಿಸುತ್ತಾ ಬಂದಿದ್ದೇನೆ. ಮೇಡಂ ಮೇಜಿನ ಮೇಲೆ ಮೊಣಕೈ ಊರಲು ಹೋಗಿ ಗಲ್ಲ ಊರಿದರು. ವಯಸ್ಸಾದ ಹಾಗೆ ಮನುಷ್ಯ ಕುಗ್ಗುತ್ತಾನಂತೆ, ನಿಜವಾ ಅಂತ ಕೇಳಿದರು. ಇಲ್ಲಿ ಬೆಳೆಯೋದು ಹುಲ್ಲೊಂದೇ ಮೇಡಂ, ಅದನ್ನೂ ನಾನು ಬಿಡೋದಿಲ್ಲ ಅಂದೆ. ನಲವತ್ತು ವರ್ಷದಿಂದ ಈ ಗಾಲ್ಫ್ ಮೈದಾನದ ಹುಲ್ಲು ಕತ್ತರಿಸಿ ಕತ್ತರಿಸಿ ನನ್ನ ಹೆಸರೇ ಹುಲ್ಲಣ್ಣ ಆಗಿದೆ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಆಮೇಲೆ ಮೇಡಂ ಕೆಲಸದ ಮಾತಿಗೆ ಬಂದರು. ಮೂವತ್ತನೇ ತಾರೀಖು ಭಾನುವಾರ ಕ್ಲಬ್ಬಿನವರು ಭಾವನಿಗೆ ಒಂದು ಮರ್ಯಾದೆ ಮಾಡುತ್ತಾರಂತೆ. ನನಗೆ ಅಕ್ಕನ ಗಂಡ, ಕ್ಲಬ್ಬಿನವರ ಬಾಯಲ್ಲಿ ಈಗಲೂ ಮೇಷ್ಟ್ರು. ಇಲ್ಲಿನ ಅರ್ಧ ಜನಕ್ಕೆ ಕೋಲು ಹಿಡಿಯಲು ಕಲಿಸಿದ್ದು ಅವರೇ. ಭಾವನಿಗೆ ಈಗ ಎರಡು ಕಣ್ಣಿನಲ್ಲೂ ನಡುಭಾಗ ಹೋಗಿದೆ. ಅಂಚಿನಲ್ಲಿರೋದು ಮಸುಕಾಗಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ವರ್ಷ ಮುಗಿಯುವುದರೊಳಗೆ ಬೆಳಕು, ನೆರಳು ಅಷ್ಟೇ ಉಳಿಯುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ಹದಿನೆಂಟೂ ಗುಂಡಿಯನ್ನು ಒಂದು ಸಲ ಆಡಿಸಿ, ದೂರ ಅಳೆಯುವ ಸಾಧನವೊಂದನ್ನು ಕೈಗೆ ಕೊಡೋಣ ಅಂತ ಸಮಿತಿಯ ತೀರ್ಮಾನ. ಅಂಥವನ್ನು ಮೈದಾನಕ್ಕೆ ತರಲೇಬಾರದು ಅಂತ ಕ್ಲಬ್ಬಿನಲ್ಲಿ ಹಳೇ ಕಟ್ಟಳೆ ಇತ್ತು; ಈ ಜನವರಿಯಲ್ಲಿ ತೆಗೆದುಹಾಕಿದರು. ಜಿಪಿಎಸ್ ಕೊಡೋದೋ ಲೇಸರ್ ಕೊಡೋದೋ ಆರಿಸುವ ಕೆಲಸ ನನ್ನ ತಲೆಗೆ ಬಂತು. ಕೊಳ್ಳುವ ಬೆಲೆ ಮಾತ್ರ ನೋಡಬೇಡಿ, ಆಮೇಲಿನ ಖರ್ಚನ್ನೂ ನೋಡಿ, ಅದು ನಿಮ್ಮ ಅಕ್ಕನ ಮೇಲೆ ಬೀಳುತ್ತೆ ಅಂದರು.

ದೂರ ಹೇಳೋಕೆ ಯಂತ್ರ ಬೇಕು ಮೇಡಂ, ದೂರು ಹೇಳೋಕೆ ಅಕ್ಕ ಒಬ್ಬಳೇ ಸಾಕು ಅಂದೆ. ನಕ್ಕರು. ನಗುತ್ತಲೇ, ಮೇಷ್ಟ್ರು ಈ ಸಲ ಹದಿನಾಲ್ಕನೇ ಗುಂಡಿಯನ್ನೂ ಆಡ್ತಾರಂತೆ, ಅವರೇ ಫೋನಿನಲ್ಲಿ ಹೇಳಿದರು ಅಂದರು.

ಆಮೇಲೂ ಏನೇನೋ ಹೇಳಿದರು. ನನಗೆ ಕೇಳಿಸಲಿಲ್ಲ.

ಮಾರ್ಚ್ 5, ಬುಧವಾರ

ಈ ನೋಟ್‌ಬುಕ್ಕನ್ನು ನಾನಲ್ಲದೆ ಯಾರೂ ಓದುವುದಿಲ್ಲ. ಬರೆದರೆ ತಪ್ಪೇನಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಭಾವ ಇಲ್ಲಿ ಸಹಾಯಕ ಮೇಷ್ಟ್ರು. ದೊಡ್ಡ ಮೇಷ್ಟ್ರ ಜಾಗ ಖಾಲಿಯಾದಾಗ ಇಬ್ಬರು ನಿಂತರು, ಭಾವ ಮತ್ತು ಹೊರಗಿನವನೊಬ್ಬ. ಇಬ್ಬರೂ ಒಂದು ಪಂದ್ಯ ಆಡೋದು, ಗೆದ್ದವನಿಗೆ ಕೆಲಸ. ಪಂದ್ಯ ಸೋಮವಾರ ಅಂತ ಗೊತ್ತು ಮಾಡಿದ್ದರು. ಹಿಂದಿನ ಶನಿವಾರ ಭಾವ ಅಭ್ಯಾಸಕ್ಕೆ ಬರುವವರಿದ್ದರು. ಹದಿನಾಲ್ಕರಲ್ಲಿ ಒಂದು ಬಿಳೀ ಕಂಬ ಇದೆ. ಅಲ್ಲಿಂದ ಗ್ರೀನಿಗೆ, ಅಂದರೆ ಬಾವುಟ ನೆಟ್ಟಿರುವ ನುಣುಪು ಹುಲ್ಲಿನ ನಡುವಿಗೆ, ನೂರೈವತ್ತು ಗಜ ಅಂತ ಲೆಕ್ಕ. ಆ ಶನಿವಾರ ಬೆಳಿಗ್ಗೆ ಹುಲ್ಲು ಕತ್ತರಿಸಲು ಕಂಬ ಕಿತ್ತವನು ವಾಪಸ್ ನೆಡುವಾಗ ಹದಿನಾಲ್ಕು ಹೆಜ್ಜೆ ಹಿಂದಕ್ಕೆ ನೆಟ್ಟೆ. ಹದಿನಾಲ್ಕನೇ ಗುಂಡಿಗೆ ಹದಿನಾಲ್ಕು ಹೆಜ್ಜೆ. ಪ್ರಾಸ ಚೆನ್ನಾಗಿ ಕೂತಿತು. ಭಾವ ಕಂಬ ನಂಬಿ ಹೊಡೀತಾರೆ, ಚೆಂಡು ಗ್ರೀನಿನ ಮುಂದಿರೋ ಕೊಳಕ್ಕೆ ಬೀಳುತ್ತೆ, ಭಾವ ತಲೆ ಕೆರ್ಕೋತಾರೆ, ಸಂಜೆ ಊಟಕ್ಕೆ ಕೂತಾಗ ನಾನು ಗುಟ್ಟು ಬಿಡ್ತೀನಿ, ಅಕ್ಕ ನಗ್ತಾಳೆ. ಭಾವ, ಭಾವಮೈದ ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ.

ಸೋಮವಾರ ಮಳೆ ಬರುತ್ತೆ ಅಂತ ಪಂದ್ಯವನ್ನು ಶನಿವಾರಕ್ಕೇ ಎಳೆದರು. ನಾನು ಮೈದಾನದ ಆ ತುದಿಯಲ್ಲಿ ಯಂತ್ರದ ಬ್ಲೇಡು ಬಿಚ್ಚಿಕೊಂಡು ಕೂತಿದ್ದೆ. ಜನ ಸೇರಿದ್ದು ನೋಡಿ ಓಡಿದೆ. ಭಾವ ಆಗಲೇ ಕಂಬದ ಪಕ್ಕ ನಿಂತು, ನೂರೈವತ್ತು ಗಜಕ್ಕೆ ಸರಿಹೋಗುವ ಏಳನೇ ನಂಬರ್ ಕೋಲು ಎತ್ತಿದ್ದರು. ಅಲ್ಲಿವರೆಗೂ ಇಬ್ಬರೂ ಸಮ ಸಮ. ಕೂಗಬಹುದಿತ್ತು. ಕೂಗಿದ್ದರೆ ಅವತ್ತೇ ನನ್ನ ಕೆಲಸ ಹೋಗುತ್ತಿತ್ತು. ಬಾಯೇನೋ ತೆರೆದೆ, ಒಂದು ನೊಣ ಹೋಗುವಷ್ಟು. ಚೆಂಡು ಕೊಳಕ್ಕೆ ಬಿತ್ತು. ಉಳಿದ ನಾಲ್ಕು ಗುಂಡಿಯಲ್ಲೂ ಭಾವ ಸೋತರು.

ನಾಳೆ ಸರಿಮಾಡೋಣ ಅಂದುಕೊಂಡೆ. ನಾಳೆಯಾದರೆ ಯಾರಾದರೂ ನೋಡುತ್ತಾರೆ, ನಾಡಿದ್ದು ಅಂದುಕೊಂಡೆ. ಆ ಮಳೆಗಾಲ ಮುಗಿದ ಮೇಲೆ ಆಗಿನ ಕಾರ್ಯದರ್ಶಿ ಎಲ್ಲ ಕಂಬಗಳಿಗೂ ಸಿಮೆಂಟು ಹಾಕಿಸಿದರು, ನನ್ನ ಕೈಯಲ್ಲೇ. ಅಷ್ಟು ಹೊತ್ತಿಗೆ ಜನವೇ ಒಂದು ಕಾರಣ ಹುಡುಕಿಕೊಂಡಿದ್ದರು. ಹದಿನಾಲ್ಕರಲ್ಲಿ ಕೊಳದ ಕಡೆಯಿಂದ ಒಂದು ಗಾಳಿ ಬೀಸುತ್ತೆ, ಅದು ಚರ್ಮಕ್ಕೆ ತಿಳಿಯೋದಿಲ್ಲ, ಚೆಂಡಿಗೆ ತಿಳಿಯುತ್ತೆ. ಹೊಸಬರು ಸೇರಿದರೆ ಹಳಬರು ಪಕ್ಕಕ್ಕೆ ಕರೆದು ಹೇಳಿಕೊಡುತ್ತಾರೆ, ಅಲ್ಲಿ ಚೆಂಡನ್ನು ಒಂದು ಹಂತ ದೂರ ಹೊಡೆಯುವ ಕೋಲು ತಗೋ ಅಂತ. ಜನವರಿಯಲ್ಲಿ ಒಬ್ಬ ಸದಸ್ಯ ಹೊಸ ಯಂತ್ರ ತಂದು, ಕಂಬದ ಹತ್ತಿರ ನೂರ ಅರವತ್ತನಾಲ್ಕು ತೋರಿಸ್ತಿದೆಯಲ್ಲ ಅಂದಾಗ ಉಳಿದವರು ನಕ್ಕರು. ಯಂತ್ರಕ್ಕೆ ಆ ಗಾಳಿ ಏನು ಗೊತ್ತು ಅಂದರು. ಮದುವೆಯಾಗದ ನನಗೆ ಹುಟ್ಟಿದ್ದು ಆ ಗಾಳಿ ಒಂದೇ. ಚೆನ್ನಾಗಿ ಬೆಳೆದಿದೆ.

ಭಾವ ಮಾತ್ರ ಆ ಗಾಳಿಯನ್ನು ನಂಬಲಿಲ್ಲ. ಕ್ಲಬ್ಬಿನ ಕೆಲಸ ಬಿಟ್ಟು ಟೈಲ್ಸ್ ಅಂಗಡಿಯಲ್ಲಿ ದಾಸ್ತಾನು ನೋಡಲು ಸೇರಿದರು. ಭಾನುವಾರ ಆಡಲು ಬರುತ್ತಾರೆ. ಹದಿನಾಲ್ಕಕ್ಕೆ ಬಂದರೆ ಚೆಂಡನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ನಡೆದು ಹದಿನೈದಕ್ಕೆ ಹೋಗುತ್ತಾರೆ. ಇಪ್ಪತ್ತಾರು ವರ್ಷದ ಅಷ್ಟೂ ಸ್ಕೋರ್ ಕಾರ್ಡುಗಳಲ್ಲಿ ಹದಿನಾಲ್ಕರ ಮುಂದೆ ಒಂದು ಗೀಟು.

ಮಾರ್ಚ್ 8, ಶನಿವಾರ

ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಎರಡನ್ನೂ ಮುಂದಿಟ್ಟು ಪಾಠ ಹೇಳಿದ.

ಲೇಸರ್ ಅಂದರೆ ಒಂಟಿಕಣ್ಣಿನ ದುರ್ಬೀನು. ಬಾವುಟಕ್ಕೆ ಗುರಿ ಇಟ್ಟು ಬಟನ್ ಒತ್ತಿದರೆ ಗುಂಡಿಯ ದೂರ ಒಳಗೇ ಅಂಕಿಯಲ್ಲಿ ಕಾಣುತ್ತದೆ. ಬೆಲೆ ಜಾಸ್ತಿ, ಆದರೆ ಒಂದು ಸಲ ಕೊಟ್ಟರೆ ಮುಗೀತು. ವರ್ಷಕ್ಕೊಂದು ಬಿಲ್ಲೆಯಂಥ ಬ್ಯಾಟರಿ, ಅಷ್ಟೇ ಖರ್ಚು. ಬಾವುಟ ಕಾಣಬೇಕು, ಕೈ ಅಲುಗಬಾರದು. ಅಲುಗಿದರೆ ಹಿಂದಿರುವ ಮರದ ದೂರ ಹೇಳಿಬಿಡುತ್ತದೆ.

ಜಿಪಿಎಸ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಟೋಪಿಯ ಅಂಚಿಗೆ ಸಿಕ್ಕಿಸಿಕೊಳ್ಳೋದು. ಮುಟ್ಟಿದರೆ ಒಬ್ಬ ಹೆಂಗಸು ಗ್ರೀನಿನ ನಡುವಿಗೆ ಎಷ್ಟು ಗಜ ಅಂತ ಬಾಯಿಬಿಟ್ಟು ಹೇಳುತ್ತಾಳೆ. ಕಣ್ಣು ಬೇಕಿಲ್ಲ. ಬೆಲೆ ಲೇಸರಿನ ಅರ್ಧ. ಆದರೆ ಒಳಗಿರುವ ಮೈದಾನದ ನಕ್ಷೆ ಒಂದು ವರ್ಷ ಪುಕ್ಕಟೆ, ಆಮೇಲೆ ವರ್ಷ ವರ್ಷ ಚಂದಾ. ಪ್ರತಿ ಆಟಕ್ಕೆ ಮುಂಚೆ ಚಾರ್ಜು. ಮೂರು ವರ್ಷಕ್ಕೆ ಒಳಗಿನ ಬ್ಯಾಟರಿ ಸೋಲುತ್ತೆ, ಅದನ್ನು ಬದಲಾಯಿಸಲು ಬರೋದಿಲ್ಲ, ಪೂರಾ ಹೊಸದೇ ತಗೋಬೇಕು. ಐದು ವರ್ಷದ್ದು ಕೂಡಿದರೆ ಲೇಸರನ್ನೂ ಮೀರಿಸುತ್ತೆ.

ಅಂದರೆ ಚಂದಾ ಕಟ್ಟಿದರೆ ಚೆಂದ, ಇಲ್ಲದಿದ್ದರೆ ಮೂಗಿ ಅಂದೆ. ಜಿಪುಣನ ಪಿತ್ತಕ್ಕೆ ಎಸರಿಡೋದಕ್ಕೇ ಜಿ, ಪಿ, ಎಸ್ ಅಂತ ಹೆಸರಿಟ್ಟಿದ್ದಾರೆ, ನಮಗೆ ಲೇಸರೇ ಲೇಸು ಅಂದೆ. ಅವನು ನಗಲಿಲ್ಲ. ಯಾರಿಗೆ ಅಂತ ಕೇಳಿದ. ಭಾವನ ಕಣ್ಣಿನ ವಿಷಯ ಹೇಳಿದೆ. ಹಾಗಾದ್ರೆ ಆರಿಸೋಕೆ ಏನಿದೆ ಯಜಮಾನರೇ ಅಂದ.

ಎರಡನ್ನೂ ಒಂದು ವಾರ ಕೊಡಿ, ನೋಡಿ ಹೇಳ್ತೀನಿ ಅಂತ ತಂದೆ.

ಮಾರ್ಚ್ 10, ಸೋಮವಾರ

ಸೋಮವಾರ ಆಟ ಇರುವುದಿಲ್ಲ. ಮೈದಾನದಲ್ಲಿ ನಾನೊಬ್ಬನೇ. ಕಂಬದ ಪಕ್ಕ ನಿಂತು ಲೇಸರ್ ಹಿಡಿದೆ. ನೂರ ಅರವತ್ತೈದು. ಬಾವುಟ ನಡುವಿನಿಂದ ಒಂದು ಹೆಜ್ಜೆ ಹಿಂದಿತ್ತು. ಟೋಪಿ ಮುಟ್ಟಿದೆ. ಹೆಂಗಸು ನೂರ ಅರವತ್ತನಾಲ್ಕು ಅಂದಳು. ಇನ್ನೊಂದು ಸಲ ಮುಟ್ಟಿದೆ. ಸ್ವಲ್ಪವೂ ಬೇಸರವಿಲ್ಲದೆ ಅದನ್ನೇ ಹೇಳಿದಳು. ಈ ಕ್ಲಬ್ಬಿನಲ್ಲಿ ಇಬ್ಬರು ಒಂದೇ ಮಾತು ಹೇಳಿದ್ದು ಇದೇ ಮೊದಲು.

ಲೇಸರಾದರೆ ಭಾವನಿಗೆ ಬಾವುಟ ಕಾಣುವುದಿಲ್ಲ, ಒಳಗಿನ ಅಂಕಿಯೂ ಕಾಣುವುದಿಲ್ಲ. ನಾನೇ ಹಿಡಿದು, ನಾನೇ ಓದಿ ಹೇಳಬೇಕು. ನಾನು ನೂರೈವತ್ತು ಅಂದರೆ ನೂರೈವತ್ತು.

ವರ್ಷ ವರ್ಷ ಚಂದಾ ಕಟ್ಟೋದು ಅಂದರೆ ಅಕ್ಕನಿಗೆ ಹೊರೆ. ಅದನ್ನೂ ಯೋಚಿಸಬೇಕು.

ಮಾರ್ಚ್ 13, ಗುರುವಾರ

ಅಕ್ಕನ ಮನೆಗೆ ಎರಡನ್ನೂ ತೆಗೆದುಕೊಂಡು ಹೋದೆ. ಕಾಗದದ ಮೇಲೆ ಐದು ವರ್ಷದ ಲೆಕ್ಕ ಬರೆದುಕೊಂಡಿದ್ದೆ. ಚಂದಾ ಇಷ್ಟು, ಬ್ಯಾಟರಿ ಹೋದಾಗ ಹೊಸದಕ್ಕೆ ಇಷ್ಟು, ಹೀಗೆ. ಲೇಸರೇ ಸರಿ ಅಂತ ಅರ್ಧ ಗಂಟೆ ಮಾತಾಡಿದೆ. ಭಾವ ಕೇಳಿಸಿಕೊಂಡರು. ಆಮೇಲೆ ಲೇಸರ್ ಕೊಡು ನೋಡೋಣ ಅಂದರು.

ಕಿಟಕಿಯಿಂದ ಎದುರಿನ ಕಟ್ಟಡದ ನೀರಿನ ಟ್ಯಾಂಕು ಕಾಣುತ್ತದೆ, ಎಂಬತ್ತು ಗಜ ಇರಬಹುದು. ಭಾವ ಅದನ್ನು ಕಣ್ಣಿಗೆ ಒತ್ತಿ ಹಿಡಿದು, ತಲೆಯನ್ನು ಅತ್ತ ಇತ್ತ ಓರೆ ಮಾಡಿ, ಅಂಚಿನಿಂದ ಟ್ಯಾಂಕು ಹಿಡಿಯಲು ನೋಡಿದರು. ಕತ್ತಿನ ನರ ಉಬ್ಬಿತು. ಬಟನ್ ಒತ್ತಿ, ಎಷ್ಟು ಬಂತು ನೋಡು ಅಂತ ನನ್ನ ಕೈಗೆ ಕೊಟ್ಟರು. ಒಂಬತ್ತು. ಗುರಿ ಹಿಡಿದದ್ದು ರಸ್ತೆಯ ದೀಪದ ಕಂಬಕ್ಕೆ.

ಅಕ್ಕ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಕಣ್ಣು ಕಾಣದೋರ ಕೈಗೆ ದುರ್ಬೀನು ಕೊಡ್ತಿದ್ದೀಯಲ್ಲೋ. ಇದೂ ನಿನಗೆ ತಮಾಷೆನಾ?"

"ಸುಮ್ನಿರೇ," ಅಂದರು ಭಾವ. "ಅವನು ನಮ್ಮ ಖರ್ಚು ನೋಡ್ತಿದ್ದಾನೆ."

ಆಮೇಲೆ ನನ್ನ ಕಡೆ ಕಿವಿ ತಿರುಗಿಸಿ, ಮೊದಲ ವರ್ಷ ಪುಕ್ಕಟೆ ಅಂದೆಯಲ್ಲ ಅಂತ ಕೇಳಿದರು. ಹೌದು ಅಂದೆ.

"ನನಗೆ ಒಂದು ವರ್ಷ ಸಾಕಪ್ಪ. ಮಾತಾಡೋದನ್ನೇ ಕೊಡಿಸು."

ಮಾರ್ಚ್ 15, ಶನಿವಾರ

ಲೇಸರ್ ವಾಪಸ್ ಕೊಟ್ಟೆ. ಜಿಪಿಎಸ್ ಆಯಿತು. ಮೇಡಂಗೆ ಹೇಳಿದೆ. ಒಳ್ಳೇ ಆಯ್ಕೆ ಮಾಡಿದಿರಿ ಹುಲ್ಲಣ್ಣ ಅಂದರು.

ಮಾರ್ಚ್ 18, ಮಂಗಳವಾರ

ಭಾವನಿಗೆ ಯಂತ್ರ ಬಳಸಲು ಕಲಿಸಲು ಹೋಗಿದ್ದೆ. ಎರಡೇ ನಿಮಿಷದ ಕೆಲಸ. ಟೋಪಿ ಹಾಕಿಕೊಂಡೇ ಕೂತಿದ್ದರು. ಈ ವಯಸ್ಸಿನಲ್ಲಿ ಹದಿನಾಲ್ಕು ಯಾಕೆ ಭಾವ, ಬಿಟ್ಟಿದ್ದು ಬಿಟ್ಟಿದ್ದೇ ಇರಲಿ ಅಂದೆ.

ಭಾವ ಈ ವಿಷಯ ಯಾವತ್ತೂ ಮಾತಾಡಿದವರಲ್ಲ. ಇವತ್ತು ಮಾತಾಡಿದರು. ಆ ದಿನ ಏಳನೇ ನಂಬರ್ ಕೋಲು ಬೀಸಿದಾಗ ಚೆಂಡು ಸರಿಯಾಗಿಯೇ ಹೋಯಿತು ಅಂತ ಕೈಗೆ ಅ‌ನ್ನಿಸಿತಂತೆ. ಆದರೆ ನೀರಿಗೆ ಬಿತ್ತು. ಅಂದರೆ ತನ್ನ ಕೈ ತನಗೇ ಸುಳ್ಳು ಹೇಳುತ್ತೆ, ಭಯ ಬಂದಾಗ ನಡುಗುತ್ತೆ, ನಡುಗಿದ್ದು ತನಗೇ ತಿಳಿಯೋದಿಲ್ಲ ಅಂತ ಅವರು ತೀರ್ಮಾನ ಮಾಡಿದರಂತೆ. ಗೆದ್ದ ಮನುಷ್ಯ ಮೂರೇ ವರ್ಷಕ್ಕೆ ಬಿಟ್ಟು ಹೋದಾಗ ಕ್ಲಬ್ಬಿನವರು ಮನೆಗೇ ಬಂದು ಕರೆದಿದ್ದರು. ಭಾವ ಒಲ್ಲೆ ಅಂದರು. ಅದು ನನಗೂ ಗೊತ್ತಿತ್ತು, ಹಟಕ್ಕೆ ಅಂದುಕೊಂಡಿದ್ದೆ.

"ಕೈ ಸುಳ್ಳು ಹೇಳೋನು ಬೇರೆಯೋರಿಗೆ ಏನು ಕಲಿಸ್ತಾನೆ ಹೇಳು. ಅದಕ್ಕೇ ಒಂದು ಸಲ ನೋಡಿಬಿಡಬೇಕು. ಈಗ ಭಯ ಪಡೋಕೆ ಏನೂ ಉಳಿದಿಲ್ಲವಲ್ಲ."

ಅಕ್ಕ ಒಳಗಿನಿಂದ ಕಾಫಿ ತಂದಳು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಮಾರ್ಚ್ 24, ಸೋಮವಾರ

ಕಂಬ ಕಿತ್ತೆ.

ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದು. ನಾನೇ ಹಾಕಿದ ಸಿಮೆಂಟು, ಇಷ್ಟು ಗಟ್ಟಿಯಾಗಿ ಯಾಕೆ ಹಾಕಿದೆನೋ. ಹಾರೆ ಎರಡು ಸಲ ಕೈಯಿಂದ ಹಾರಿತು. ಮಧ್ಯಾಹ್ನಕ್ಕೆ ಬುಡ ಸಡಿಲವಾಯಿತು. ಹದಿನಾಲ್ಕು ಹೆಜ್ಜೆ ಮುಂದೆ, ಮೊದಲು ಎಲ್ಲಿತ್ತೋ ಅಲ್ಲಿ ಹಳ್ಳ ತೋಡಿ ನೆಟ್ಟು ಹೊಸ ಸಿಮೆಂಟು ತುಂಬಿದೆ. ಹಳೇ ಜಾಗಕ್ಕೆ ಬೇರೆ ಕಡೆಯಿಂದ ಹುಲ್ಲಿನ ಹಾಸು ತಂದು ಮುಚ್ಚಿದೆ. ನಲವತ್ತು ವರ್ಷದ ಕೈ; ಎಲ್ಲಿ ಮುಚ್ಚಿದ್ದು ಅಂತ ನನಗೇ ತಿಳಿಯುವುದಿಲ್ಲ. ಯಂತ್ರ ಹಿಡಿದು ನೋಡಿದೆ. ನೂರೈವತ್ತು ಅಂದಳು.

ಈಗ ಕಂಬ ಒಂದು, ಯಂತ್ರ ಒಂದು, ನಾನೊಬ್ಬ. ಮೂರು ಜನರದ್ದೂ ಒಂದೇ ಮಾತು. ಭಾವ ಕಂಬದ ಹತ್ತಿರ ನಿಂತು ಮುಟ್ಟುತ್ತಾರೆ, ಅವಳು ನೂರೈವತ್ತು ಅನ್ನುತ್ತಾಳೆ, ಹೊಡೆಯುತ್ತಾರೆ, ಮುಗೀತು. ಯಾರಿಗೂ ಏನೂ ಆಗುವುದಿಲ್ಲ.

ಸೊಂಟ ಹಿಡಿದಿದೆ. ಬರೆಯಲೂ ಕೈ ಬರುತ್ತಿಲ್ಲ.

ಮಾರ್ಚ್ 27, ಗುರುವಾರ

ಹದಿನಾಲ್ಕರಲ್ಲಿ ಮೂವರು ಸದಸ್ಯರ ಚೆಂಡು ಗ್ರೀನ್ ದಾಟಿ ಹಿಂದಿನ ಪೊದೆಗೆ ಬಿತ್ತು. ಗಾಳಿಗೆ ಅಂತ ದೂರ ಹೊಡೆಯುವ ಕೋಲು ತಗೊಂಡವರು. ಸಂಜೆ ಕೂತು ಒಂದು ಗಂಟೆ ಚರ್ಚೆ ಮಾಡಿದರು. ಕೊನೆಗೆ, ಕೊಳದ ಆಚೆ ಹೊಸ ಕಟ್ಟಡ ಎದ್ದಿದೆಯಲ್ಲ, ಅದಕ್ಕೇ ಗಾಳಿ ನಿಂತಿದೆ ಅಂತ ತೀರ್ಮಾನವಾಯಿತು. ಒಬ್ಬರು ನನ್ನನ್ನೂ ಕೇಳಿದರು. ಇರಬಹುದು ಅಂದೆ.

ಇನ್ನು ಮೂರು ದಿನ.

ಮಾರ್ಚ್ 30, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮೂವತ್ತು ಜನ ಸೇರಿದ್ದರು. ಅಕ್ಕನಿಗೆ ಮಂಡಿನೋವು, ಬರಲಿಲ್ಲ. ಭಾವ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿದ್ದರು. ಟೋಪಿಯ ಅಂಚಿನಲ್ಲಿ ಯಂತ್ರ. ಎಡಗೈ ನನ್ನ ಮೊಣಕೈ ಮೇಲೆ. ಯಂತ್ರ ದೂರ ಹೇಳುತ್ತಿತ್ತು, ಅವರು ಕೋಲು ಹೇಳುತ್ತಿದ್ದರು, ನಾನು ಅವರ ಭುಜ ಹಿಡಿದು ಬಾವುಟದ ಕಡೆ ತಿರುಗಿಸುತ್ತಿದ್ದೆ. ಹೊಡೆದ ಮೇಲೆ ಎಲ್ಲಿಗೆ ಅಂತ ಕೇಳುತ್ತಿದ್ದರು. ಎಡಕ್ಕೆ, ಮರದ ಬುಡಕ್ಕೆ. ನೇರಕ್ಕೆ, ಎಂಬತ್ತು ಗಜ. ನಾನು ಹೇಳಿದ್ದನ್ನು ಕೇಳಿ ತಲೆಯಾಡಿಸುತ್ತಿದ್ದರು. ಪ್ರತಿ ಹೊಡೆತಕ್ಕೂ ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಚೆಂಡು ಪೊದೆಗೆ ಹೋದಾಗಲೂ ತಟ್ಟಿದರು. ಪ್ರತಿ ಸಲವೂ ಮೇಡಂ, ಎಂಥಾ ಹೊಡೆತ ಮೇಷ್ಟ್ರೇ ಅಂದರು. ಹದಿಮೂರು ಮುಗಿದಾಗ ಭಾವ, ಇವಳ ಬಾಯಿ, ನಿನ್ನ ಕಣ್ಣು, ನನಗೇನು ಕಡಿಮೆ ಅಂದರು. ಬೆವರಿದ್ದರು. ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಹದಿನಾಲ್ಕರ ಮೊದಲ ಹೊಡೆತ ನೇರ ಹೋಯಿತು. ಚೆಂಡನ್ನು ಎತ್ತಿ ಕೊಡು, ಎರಡನೆಯದನ್ನು ಕಂಬದ ಪಕ್ಕದಿಂದಲೇ ಹೊಡೀಬೇಕು ಅಂದರು. ನಾನು ಮೊಣಕೈ ಕೊಟ್ಟೆ. ಬೇಡ, ಇಲ್ಲಿ ನಾನೇ ಹೋಗ್ತೀನಿ ಅಂದರು.

ಹಾದಿಯಂಚಿಗೆ ಹೋಗಿ, ಚರಂಡಿಯ ಕಬ್ಬಿಣದ ಮುಚ್ಚಳವನ್ನು ಕಾಲಿನಿಂದ ಹುಡುಕಿ, ಅದರ ಮೇಲೆ ನಿಂತರು. ಅಲ್ಲಿಂದ ನಡೆಯಲು ಶುರು ಮಾಡಿದರು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದರು. ಮೂವತ್ತೊಂದಕ್ಕೆ ನಿಂತು, ಬಲಗೈ ಚಾಚಿದರು.

ಕೈ ಗಾಳಿಯಲ್ಲಿ ನಿಂತಿತು.

ಇಪ್ಪತ್ತಾರು ವರ್ಷ, ಪ್ರತಿ ಭಾನುವಾರ, ಚೆಂಡು ಜೇಬಿಗೆ ಹಾಕಿಕೊಂಡು ಹಾದುಹೋಗುವಾಗ ಅವರು ಆ ಕಂಬವನ್ನು ಒಂದು ಸಲ ಮುಟ್ಟಿ ಹೋಗುತ್ತಿದ್ದರು. ನಾನು ಎಷ್ಟೋ ಸಲ ನೋಡಿದ್ದೆ. ಅವರು ಎಣಿಸಿ ಇಟ್ಟುಕೊಂಡಿದ್ದಾರೆ ಅಂತ ನನಗೆ ಹೊಳೆದಿರಲೇ ಇಲ್ಲ.

ಇನ್ನೂ ಸ್ವಲ್ಪ ಮುಂದಿದೆ ಭಾವ, ಹುಲ್ಲು ಕತ್ತರಿಸೋಕೆ ಕಿತ್ತಿದ್ದೆ ಅಂದೆ. ಭಾವ ಟೋಪಿ ಮುಟ್ಟಿದರು. ನೂರ ಅರವತ್ತನಾಲ್ಕು ಅಂದಳು. ಕೈ ಚಾಚಿಕೊಂಡೇ ಮುಂದಕ್ಕೆ ನಡೆದರು, ಒಂದರಿಂದ ಎಣಿಸುತ್ತಾ. ಹದಿನಾಲ್ಕಕ್ಕೆ ಕೈಗೆ ಕಂಬ ತಗುಲಿತು. ಟೋಪಿ ಮುಟ್ಟಿದರು. ನೂರೈವತ್ತು. ಮಂಡಿಯೂರಿ ಕಂಬದ ಬುಡ ತಡವಿದರು. ಹೊಸ ಸಿಮೆಂಟನ್ನು ಉಗುರಿನಿಂದ ಕೆರೆದು ನೋಡಿದರು. ಎದ್ದರು.

ಹಿಂದಿನವರು ದೂರದಲ್ಲಿ ನಿಂತಿದ್ದರು. ಮೇಷ್ಟ್ರು ಜಾಗಕ್ಕೆ ನಮಸ್ಕಾರ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು.

"ಆ ದಿನ ಎಲ್ಲಿತ್ತು?"

ನನ್ನ ಹತ್ತಿರ ಮೂರು ಸುಳ್ಳು ತಯಾರಿದ್ದವು.

"ಹಿಂದೆ. ನೀವು ಈಗ ನಿಂತಿದ್ದಿರಲ್ಲ, ಅಲ್ಲಿ."

"ಅದಕ್ಕೆ ಮುಂಚೆ?"

"ಇಲ್ಲಿ."

ಯಾರು ಮಾಡಿದ್ದು ಅಂತ ಕೇಳಲಿಲ್ಲ. ಈ ಮೈದಾನದಲ್ಲಿ ಕಂಬ ಕೀಳುವವನೂ ನೆಡುವವನೂ ಒಬ್ಬನೇ.

"ತಮಾಷೆಗಾ?"

"ಹೌದು ಭಾವ."

ಬಲಗೈಯನ್ನು ಮುಖದ ಪಕ್ಕಕ್ಕೆ ಎತ್ತಿ, ಕಣ್ಣಿನ ಅಂಚಿನಿಂದ ಅದನ್ನೇ ನೋಡುತ್ತಾ ನಿಂತರು. ಕೈ ನಡುಗಿರಲಿಲ್ಲ ಅಂದರು. ನನಗೆ ಹೇಳಿದ್ದಲ್ಲ.

ಆಮೇಲೆ ಕೋಲು ಕೇಳಿದರು. ಚೆಂಡು ಇಟ್ಟು ಕೊಟ್ಟೆ. ಭುಜ ಹಿಡಿಯಲು ಹೋದೆ, ಕೊಸರಿಕೊಂಡರು. ಕೊಳದ ಕಪ್ಪೆಗಳ ಸದ್ದಿಗೆ ಕಿವಿಯಿಟ್ಟು, ತಾವೇ ತಿರುಗಿ, ಕಾಲು ಹೊಂದಿಸಿಕೊಂಡು ಬೀಸಿದರು. ನಾನು ಈ ಜಾಗದಲ್ಲಿ ಸಾವಿರಾರು ಹೊಡೆತ ನೋಡಿದ್ದೇನೆ. ಇಂಥದನ್ನು ನೋಡಿಲ್ಲ. ಚೆಂಡು ಎತ್ತರಕ್ಕೆ ಹೋಗಿ, ನೀರು ದಾಟಿ, ಗ್ರೀನಿನ ಮೇಲೆ ಮೆತ್ತಗೆ ಕೂತು, ಬಾವುಟದ ಕಡೆಗೆ ಉರುಳಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಥಾ ಹೊಡೆತ ಮೇಷ್ಟ್ರೇ ಅಂದರು ಮೇಡಂ.

"ಎಲ್ಲಿಗೆ ಹೋಯ್ತು?" ಅಂತ ಭಾವ ನನ್ನನ್ನು ಕೇಳಿದರು.

"ಗ್ರೀನಿಗೆ ಭಾವ. ಬಾವುಟದಿಂದ ಆರು ಹೆಜ್ಜೆ."

ಮುಖ ಪಕ್ಕಕ್ಕೆ ತಿರುಗಿಸಿದರು. ನನ್ನನ್ನು ನೋಡಬೇಕಾದರೆ ಅವರು ಬೇರೆ ಕಡೆ ನೋಡಬೇಕು.

"ನೀನು ಹೇಳ್ತಿದ್ದೀಯ," ಅಂದರು.

ಕೈ ಹಿಡಿದು ಗ್ರೀನಿಗೆ ಕರೆದುಕೊಂಡು ಹೋದೆ. ಬಾವುಟದ ಕೋಲು ಮುಟ್ಟಿಸಿದೆ. ಆರು ಹೆಜ್ಜೆ ನಡೆಸಿ, ಬಗ್ಗಿಸಿ, ಅಂಗೈಯನ್ನು ಚೆಂಡಿನ ಮೇಲೆ ಇಟ್ಟೆ. ಅದನ್ನು ಎತ್ತಿ ಹೆಬ್ಬೆರಳಿನಿಂದ ಉಜ್ಜಿದರು.

"ಇದನ್ನ ನೀನೇ ಇಟ್ಟಿರಬಹುದು," ಅಂದರು.

ಉಳಿದ ನಾಲ್ಕು ಗುಂಡಿ ಆಡಲಿಲ್ಲ. ಸುಸ್ತಾಗಿದೆ ಅಂದರು. ಮೇಡಂ ಕಾರ್ಡು ಹಿಡಿದು ಬಂದು, ಹದಿನಾಲ್ಕಕ್ಕೆ ಎಷ್ಟು ಬರೀಲಿ ಮೇಷ್ಟ್ರೇ ಅಂತ ಕೇಳಿದರು.

ಗೀಟು ಹಾಕಿ ಅಂದರು.

ಏಪ್ರಿಲ್ 1, ಮಂಗಳವಾರ

ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಕಂಬ, ಪಂದ್ಯ, ಗಾಳಿ, ಮೊನ್ನೆ ಕಿತ್ತು ನೆಟ್ಟದ್ದು. ಭಾವನ ಮನೆಗೆ ಹೋಗಿ, ಆ ಹೊಡೆತ ನಿಜವಾಗಿಯೂ ಗ್ರೀನಿಗೆ ಬಿತ್ತು ಅಂತ ನೀವೇ ಒಂದು ಮಾತು ಹೇಳಿ ಅಂತ ಕೇಳಿಕೊಂಡೆ. ಮೇಡಂ ಗಂಭೀರವಾಗಿ ಕೇಳಿಸಿಕೊಂಡರು. ಕೊನೆಗೆ ಗೋಡೆಯ ಕ್ಯಾಲೆಂಡರ್ ತೋರಿಸಿ, ನನ್ನನ್ನು ಮೂರ್ಖಳನ್ನಾಗಿ ಮಾಡೋಕೆ ಇಷ್ಟು ದೊಡ್ಡ ಕಥೆ ಕಟ್ಟಬೇಕಿತ್ತಾ ಹುಲ್ಲಣ್ಣ ಅಂತ ಹೊಟ್ಟೆ ಹಿಡಿದು ನಕ್ಕರು. ಪಕ್ಕದ ಕೋಣೆಯವರನ್ನೂ ಕರೆದು ಇನ್ನೊಂದು ಸಲ ಹೇಳಿ ಅಂದರು.

ನಾನು ತಾರೀಖು ನೋಡಿಕೊಂಡಿರಲಿಲ್ಲ.

ಏಪ್ರಿಲ್ 3, ಗುರುವಾರ

ಮೇಡಂ ಕುರ್ಚಿಯನ್ನು ಮೊದಲಿನ ಎತ್ತರಕ್ಕೆ ಏರಿಸಿದೆ.

ಏಪ್ರಿಲ್ 9, ಬುಧವಾರ

ಅಕ್ಕ ಫೋನು ಮಾಡಿದ್ದಳು. ಭಾವ ಆಟದ ವಿಷಯ ಬಾಯಿಬಿಡುತ್ತಿಲ್ಲವಂತೆ. ಯಂತ್ರ ಮೇಜಿನ ಖಾನೆಯಲ್ಲಿ ಬಿದ್ದಿದೆ, ಚಾರ್ಜಿಗೂ ಹಾಕಿಲ್ಲ. ಚಂದಾ ಕಟ್ಟೋ ತಾಪತ್ರಯವೇ ಇಲ್ಲ, ನಿನ್ನ ಐದು ವರ್ಷದ ಲೆಕ್ಕ ಉಳೀತು ನೋಡು ಅಂದಳು. ಇಬ್ಬರ ನಡುವೆ ಏನಾಯಿತು ಅಂತ ಕೇಳಿದಳು. ಭಾವ ಏನೂ ಹೇಳಿಲ್ಲ ಅಂತ ಅರ್ಥವಾಯಿತು. ನಾನು ಹೇಳಬೇಕು. ಫೋನಿನಲ್ಲಿ ಹೇಳಲಿಲ್ಲ.

ಮಂಗಳವಾರ ಮಂಗಳವಾರ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಂತೆ. ಅವಳ ಮಂಡಿಗೆ ಮೆಟ್ಟಿಲು ಆಗುವುದಿಲ್ಲ. ನೀನೇ ಬರಬೇಕು ಅಂದಳು.

ಏಪ್ರಿಲ್ 15, ಮಂಗಳವಾರ

ಆಸ್ಪತ್ರೆಗೆ ಹೋಗಿ ಬಂದೆವು. ಅಲ್ಲಿನ ಬಾಗಿಲಲ್ಲಿ, ಎರಡು ಮೆಟ್ಟಿಲು ಭಾವ ಅಂದೆ. ಊರುಗೋಲು ಚಾಚಿ ತಟ್ಟಿ ನೋಡಿದರು. ಒಂದು. ಎರಡು. ಆಮೇಲೆ ಕಾಲಿಟ್ಟರು.

ವಾಪಸ್ ಬಂದ ಮೇಲೆ ಅಕ್ಕನಿಗೆ ಹೇಳಿದೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತು ಕಾದು ಬಂದುಬಿಟ್ಟೆ.

ಏಪ್ರಿಲ್ 22, ಮಂಗಳವಾರ

ಅಕ್ಕ ಬಾಗಿಲು ತೆಗೆದಳು, ಮುಖ ನೋಡಲಿಲ್ಲ. ಭಾವ ತಯಾರಾಗಿ ಕೂತಿದ್ದರು.

ಆಸ್ಪತ್ರೆಯ ಎದುರು ದೊಡ್ಡ ರಸ್ತೆ ದಾಟಬೇಕು. ಎರಡೂ ಕಡೆ ನೋಡಿದೆ. ಒಂದು ಗಾಡಿಯೂ ಇರಲಿಲ್ಲ. ಖಾಲಿ ಇದೆ ಭಾವ, ಬನ್ನಿ ಅಂದೆ.

ಅವರು ಹೆಜ್ಜೆ ಎತ್ತಲಿಲ್ಲ. ಪಕ್ಕದಲ್ಲಿ ಕೈಚೀಲ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಯಾರೋ ಏನೋ. ಅವಳು ನಿಂತ ಕಡೆಗೆ ಕಿವಿ ತಿರುಗಿಸಿ, "ಅಮ್ಮಾ, ಗಾಡಿ ಬರ್ತಿದೆಯಾ?" ಅಂತ ಕೇಳಿದರು.

"ಇಲ್ಲ ತಾತ, ಖಾಲಿ ಇದೆ," ಅಂದಳು ಆಕೆ.

ಆಗ ನನ್ನ ಮೊಣಕೈ ಹಿಡಿದುಕೊಂಡು ದಾಟಿದರು.